ಯಕ್ಷಗಾನದ ಫೋಟೋ: ಕಲರ್ ಇರಲಾ, ಕಪ್ಪು-ಬಿಳುಪಾ?

ಪ್ರಶ್ನೆ: ನಮ್ಮ ಕಡೆಯ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಮೇಳವೊಂದರ ಆಟ, ಚೌಕಿ (ವೇಷ ಕಟ್ಟುವ ಜಾಗ) ಎರಡನ್ನೂ ಫೋಟೋ ತೆಗೆಯುತ್ತಿದ್ದೇನೆ. 20 ಚಿತ್ರ ಪ್ರಿಂಟ್ ಹಾಕಿಸಿ ಊರಲ್ಲೇ ಪ್ರದರ್ಶನ ಇಡುವ ಆಸೆ. ಎಲ್ಲವನ್ನೂ ಕಪ್ಪು-ಬಿಳುಪು ಮಾಡು ಅಂತ ಕೆಲವರು ಹೇಳುತ್ತಾರೆ. ಮಾಡಿ ನೋಡಿದವರು ತಿಳಿಸಿ.

ಪುತ್ತೂರಿನಿಂದ: ರಂಗದ ಚಿತ್ರಗಳು ಕಲರ್‌ನಲ್ಲೇ ಇರಲಿ ಸರ್. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಮುಖ ನೋಡಿ. ಕೆಂಪು, ಕಪ್ಪು, ಅದರ ಮೇಲೆ ಬೆಳ್ಳಗಿನ ಚಿಟ್ಟಿ (ಉಬ್ಬಿದ ಚುಕ್ಕೆಗಳ ಸಾಲು). ಕಲಾವಿದರು ಗಂಟೆಗಟ್ಟಲೆ ಕೂತು ಬರೆದದ್ದು ಅದು. ಕಪ್ಪು-ಬಿಳುಪಿಗೆ ತಿರುಗಿಸಿದರೆ ಕೆಂಪು, ಹಸಿರು ಎಷ್ಟೋ ಸಲ ಒಂದೇ ಬೂದು ಆಗಿಬಿಡುತ್ತವೆ. ಎಡಿಟ್ ಮಾಡುವಾಗ ಕೆಂಪಿನ ಸ್ಲೈಡರ್ ಏರಿಸಿ ಬೇರ್ಪಡಿಸಬಹುದು, ನಿಜ. ಆದರೆ ಕೆಂಪು ಬಿಳಿಚಿಕೊಂಡರೆ ರಾಕ್ಷಸನ ಆರ್ಭಟ ಎಲ್ಲಿ ಉಳಿಯಿತು?

ಚೌಕಿ ಬೇರೆ ಮಾತು. ಅಲ್ಲಿ ಕನ್ನಡಿ ಹಿಡಿದವರ ಕಣ್ಣು, ಬೆರಳು, ಅರ್ಧ ಬರೆದ ಮುಖ ಮುಖ್ಯ. ಹಿಂದಿರುವ ನೀಲಿ ಟಾರ್ಪಾಲು, ಪ್ಲಾಸ್ಟಿಕ್ ಚೀಲಗಳು ಕಲರ್‌ನಲ್ಲಿ ಸುಮ್ನೆ ಗಮನ ಕೀಳುತ್ತವೆ. ನನ್ನ ಚೌಕಿ ಚಿತ್ರಗಳೆಲ್ಲ ಕಪ್ಪು-ಬಿಳುಪೇ.

ಉಡುಪಿಯಿಂದ: ಚೌಕಿಯ ಮಾತು ಒಪ್ಪಿದೆ. ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಬಿಳಿ ಎಲ್‌ಇಡಿ ಇದ್ದರೆ ಮೈಬಣ್ಣ ಸರಿಮಾಡುವುದು ಬಹಳ ಕಷ್ಟ. ಕಪ್ಪು-ಬಿಳುಪಿನಲ್ಲಿ ಆ ಗೋಳಿಲ್ಲ. ಕಡಿಮೆ ಬೆಳಕಿಗೆಂದು ಕ್ಯಾಮೆರಾದ ಐಎಸ್‌ಒ 6400ಕ್ಕೆ ಏರಿಸಿದಾಗ ಬರುವ ಬಣ್ಣಬಣ್ಣದ ನಾಯ್ಸ್ (ಚುಕ್ಕೆಗಳು) ಕೂಡ ಅಷ್ಟು ಕಿರಿಕಿರಿ ಮಾಡುವುದಿಲ್ಲ. ಹಾಗಂತ ಬೆಳಕೇ ಸಪ್ಪೆಯಾಗಿರುವ ಚಿತ್ರ ಇದರಿಂದ ಸುಧಾರಿಸುತ್ತದೆ ಅಂದುಕೊಳ್ಳಬೇಡಿ. ಬಣ್ಣ ತೆಗೆದ ಮೇಲೆ ಉಳಿಯುವುದು ಬೆಳಕು-ನೆರಳೇ ಅಲ್ವಾ? ಬದಿಯಿಂದ ಬೆಳಕು ಬೀಳುವ ಜಾಗ ಹುಡುಕಿ ಕೂತುಕೊಳ್ಳಿ.

ಬೆಂಗಳೂರಿನಿಂದ: ರಾ ಫೈಲ್‌ನಲ್ಲಿ (ಕ್ಯಾಮೆರಾ ಹಿಡಿದ ಮಾಹಿತಿಯೆಲ್ಲ ಉಳಿಸುವ ಫೈಲ್) ತೆಗೆಯಿರಿ. ಕ್ಯಾಮೆರಾವನ್ನು ಮೊನೊಕ್ರೋಮ್‌ಗೆ ಇಟ್ಟರೂ ಸ್ಕ್ರೀನ್‌ನಲ್ಲಿ ಮಾತ್ರ ಕಪ್ಪು-ಬಿಳುಪು ಕಾಣುತ್ತದೆ, ಫೈಲ್‌ನಲ್ಲಿ ಬಣ್ಣ ಇರುತ್ತದೆ. ಬರೀ ಜೆಪೆಗ್ ಆದರೆ ಹೋದ ಬಣ್ಣ ಮರಳಿ ಬರುವುದಿಲ್ಲ.

ಮೈಸೂರಿನಿಂದ: ನಮ್ಮೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನೂ ಇನ್ನೊಬ್ಬ ಭಾರತೀಯ ಛಾಯಾಗ್ರಾಹಕ ರಘುಬೀರ್ ಸಿಂಗ್ ಅವರ ಕಲರ್ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಸತ್ಯನ್ ಅವರಲ್ಲಿ ಜನರ ಮುಖಭಾವ ಮೊದಲು ಹಿಡಿಯುತ್ತದೆ. ರಘುಬೀರ್ ಅವರ ಚಿತ್ರದಿಂದ ಬಣ್ಣ ತೆಗೆದರೆ ಚಿತ್ರವೇ ನಿಲ್ಲುವುದಿಲ್ಲ. ನಿಮ್ಮ ಒಂದೊಂದು ಫೋಟೋವನ್ನೂ ಹಾಗೇ ಪರೀಕ್ಷೆ ಮಾಡಿ. ಪ್ರದರ್ಶನದಲ್ಲಿ ಎರಡೂ ಇರಲಿ, ಆದರೆ ಬೆರೆಸಬೇಡಿ. ಚೌಕಿಗೆ ಒಂದು ಗೋಡೆ, ರಂಗಕ್ಕೆ ಇನ್ನೊಂದು. ಪೂರ್ತಿ ಆರ್ಡರ್ ಕೊಡುವ ಮೊದಲು ಕಪ್ಪು-ಬಿಳುಪಿನದೊಂದು ಚಿಕ್ಕ ಪ್ರಿಂಟ್ ತೆಗೆಸಿ ಹಗಲು ಬೆಳಕಲ್ಲಿ ನೋಡಿ. ಕಲರ್ ಪೇಪರ್ ಮೇಲೆ ಕೆಲವೊಮ್ಮೆ ಹಸಿರು ಛಾಯೆ ಬರುತ್ತದೆ.