ಅಪ್ಪ ದಿನಾ ಗ್ಯಾಸ್ಟ್ರಿಕ್ ಮಾತ್ರೆ ತಗೋತಾರೆ, ಬಿಟ್ರೆ ಎದೆ ಉರಿ ಇನ್ನೂ ಜಾಸ್ತಿ ಆಗುತ್ತೆ, ಏನ್ ಮಾಡೋದು?

ತಿಪಟೂರ್_ಕಾಯಿ:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 63 ವಯಸ್ಸು, ತೋಟದ ಕೆಲಸ. ಹಿಂದೆ ಯಾವಾಗ್ಲೋ ಹೊಟ್ಟೆ ಉರಿ ಅಂತ ಡಾಕ್ಟರ್ ಹತ್ರ ಹೋದಾಗ ಪ್ಯಾನ್-ಡಿ ಬರ್ಕೊಟ್ಟಿದ್ರು, ಆ ಚೀಟಿ ಕಳೆದೋಗಿ ವರ್ಷಗಳೇ ಆದ್ವು ಕ್ಯಾಪ್ಸೂಲ್ ಮಾತ್ರ ನಿಂತಿಲ್ಲ, ಮೆಡಿಕಲ್ ಸ್ಟೋರಲ್ಲಿ "ಒಂದ್ ಶೀಟ್ ಗ್ಯಾಸ್ಟ್ರಿಕ್ ಕೊಡಪ್ಪ" ಅಂದ್ರೆ ಸಾಕು ಚೀಟಿ ಯಾರೂ ಕೇಳಲ್ಲ. ಈಗ ನಾನು ವಾಟ್ಸಾಪಲ್ಲಿ ಕಿಡ್ನಿ ಹೋಗುತ್ತೆ ಮೂಳೆ ಸವೆಯುತ್ತೆ ಅಂತೆಲ್ಲಾ ಓದಿ ಬಿಡಿಸೋಣ ಅಂತ ಹೊರಟೆ. ಬಿಟ್ಟು ಎರಡು ಮೂರು ದಿನಕ್ಕೆ ಎದೆ ಉರಿ, ಹುಳಿತೇಗು, ರಾತ್ರಿ ಎದ್ದು ಕೂತ್ಕೊಳ್ಳೋದು. "ನೋಡು, ಬಿಡು ಬಿಡು ಅಂತ ಪ್ರಾಣ ತಿಂದೆ" ಅಂತ ನನಗೇ ಬೈದು ಮತ್ತೆ ಶುರು ಮಾಡ್ಕೊಂಡ್ರು. ಇದು ಜೀವನಪೂರ್ತಿ ತಗೋಬೇಕಾ? ಮನೇಲೇ ಏನಾದ್ರೂ ಮಾಡಬಹುದಾ? ತಿಳಿದೋರು ಹೇಳಿ ಪ್ಲೀಸ್.

ಮಂಡ್ಯದ್_ಗಂಡು:
ಗುರು ಇದಕ್ಯಾಕೆ ಇಷ್ಟೊಂದ್ ತಲೆ ಕೆಡಿಸ್ಕೋತೀಯ, ಒಂದ್ ಪ್ಯಾಕೆಟ್ ಈನೋ ನೀರಿಗೆ ಹಾಕಿ ಕುಡಿಸು, ಬುಸ್ ಅಂತ ತೇಗು ಬಂದ್ರೆ ಎಲ್ಲಾ ಕ್ಲಿಯರ್. ಈನೋ ಇಲ್ಲಾಂದ್ರೆ ಅಡುಗೆ ಸೋಡ. ಅದೂ ಬೇಡ ಅಂದ್ರೆ ತಣ್ಣಗಿರೋ ಹಾಲು. ನಮ್ಮ ಮನೇಲಿ ಬಾಡೂಟ ಆದ್ಮೇಲೆ ಈನೋ ಇಲ್ದೆ ಯಾರೂ ಮಲಗಲ್ಲ 😄

ಹುಬ್ಳಿ_ಮೆಡಿಕಲ್:
ಮಂಡ್ಯ ಅಣ್ಣಾರ, ಬಾಡೂಟದ ಮರುದಿನಕ್ಕ ಈನೋ ಸರಿ, ಆದ್ರ 63 ವರ್ಷದವ್ರಿಗೆ ದಿನಾ ಕುಡಸ್ರಿ ಅಂತ ಹೇಳಬ್ಯಾಡ್ರಿ. ಅದರಾಗ ಇರೋದ ಸೋಡಾ, ಒಂದ್ ಪ್ಯಾಕೆಟಿಗೆ ಅರ್ಧ ಗ್ರಾಂಗಿಂತ ಹೆಚ್ಚು ಸೋಡಿಯಂ ಹೊಟ್ಟಿಗಿ ಹೋಗ್ತೈತಿ. ಇಡೀ ದಿನದ ಊಟ ಸೇರಿ 2 ಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ, ಬಿಪಿ ಇದ್ದವ್ರು, ಕಾಲು ಬಾವು ಬರವ್ರು ದೂರ ಇರೋದ ಚಲೋ. ತಣ್ಣನ ಹಾಲು ಕುಡದ್ರ ಆ ಗಳಿಗಿಗೆ ಹಾಯ್ ಅನ್ನಿಸ್ತೈತಿ, ಆಮ್ಯಾಲೆ ಅದ ಹಾಲು ಮತ್ತ ಆಸಿಡ್ ತರಸ್ತೈತಿ.

ಈಗ ತಿಪಟೂರಿನವ್ರಿಗೆ. ನಂದು ಹುಬ್ಬಳ್ಳ್ಯಾಗ ಮೆಡಿಕಲ್ ಅಂಗಡಿ ಐತ್ರಿ, ನಾ ಡಾಕ್ಟರ್ ಅಲ್ಲ, ಅದನ್ನ ಮೊದ್ಲ ಹೇಳಿಬಿಡ್ತೀನಿ. ಪ್ಯಾನ್-ಡಿ ಒಳಗ ಎರಡು ಔಷಧ ಅದಾವ. ಒಂದು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಇದು ಹೊಟ್ಟ್ಯಾಗಿನ ಆಸಿಡ್ ಪಂಪ್ ಬಂದ್ ಮಾಡೋದು. ಇನ್ನೊಂದು ಡೊಂಪೆರಿಡೋನ್ 30 ಮಿಲಿಗ್ರಾಂ, ವಾಂತಿ ಬಂದಂಗ ಆಗೋದು, ಹೊಟ್ಟಿ ಭಾರ ಅನ್ನೋದು ಇಂಥಾದ್ದಕ್ಕ. ನನಗ ಹೆಚ್ಚಿಗಿ ಚಿಂತಿ ಇರೋದು ಈ ಎರಡನೇದ್ದರ ಮ್ಯಾಲೆ. ಡೊಂಪೆರಿಡೋನ್‌ನಿಂದ ಕೆಲವರಿಗೆ ಎದಿ ಬಡಿತದ ಲಯ ತಪ್ಪತೈತಿ, 60 ದಾಟಿದವ್ರಿಗೆ ಅಪಾಯ ಹೆಚ್ಚು, ಅದಕ್ಕ 2014ರಾಗ ಯುರೋಪಿನ ಔಷಧ ಸಂಸ್ಥೆ ಇದನ್ನ ಒಂದು ವಾರಕ್ಕಿಂತ ಹೆಚ್ಚು ಕೊಡಬ್ಯಾಡ್ರಿ ಅಂತ ಹೇಳಿತ್ತು. ನಮ್ಮಲ್ಲಿ ವರ್ಷಗಟ್ಟಲೆ ನುಂಗ್ತಾರ! ಶೀಟ್ ಹಿಂದ ಶೆಡ್ಯೂಲ್ ಎಚ್ ಅಂತ ಸಣ್ಣ ಅಕ್ಷರದಾಗ ಬರದಿರ್ತೈತಿ, ಅಂದ್ರ ಚೀಟಿ ಇಲ್ಲದ ಕೊಡಂಗಿಲ್ಲ, ಆದ್ರ ನಾವು ಕೊಡಲಿಲ್ಲಂದ್ರ ಗಿರಾಕಿ ಬಾಜೂ ಅಂಗಡಿಗೆ ಹೋಗ್ತಾನ, ಇದು ನಮ್ಮ ಧಂದೆದ ಹಣೆಬರಹ.

ಬಿಟ್ಟ ಮ್ಯಾಲೆ ಉರಿ ಹೆಚ್ಚಾತು ಅಂದ್ರಲ್ಲ, ಅದಕ್ಕ ಕಾರಣ ಐತ್ರಿ. ಪಂಪ್ ಬಂದ್ ಇದ್ದಷ್ಟು ದಿನ ದೇಹ ಸುಮ್ಮನ ಕುಂದ್ರಂಗಿಲ್ಲ, ಆಸಿಡ್ ಸಾಲದು ಅಂತ ಒಳಗಿಂದ ಒತ್ತಾಯ ಮಾಡ್ತಾನ ಇರ್ತೈತಿ. ಗುಳಗಿ ಒಮ್ಮಿಗೇ ನಿಲ್ಲಿಸಿದ್ರ ಎಲ್ಲಾ ಸೇರಿ ಮೊದಲಿಗಿಂತ ಜಾಸ್ತಿ ಆಸಿಡ್ ಬರ್ತೈತಿ. 2009ರಾಗ ಡೆನ್ಮಾರ್ಕಿನವ್ರು ಇದನ್ನ ಪರೀಕ್ಷಾ ಮಾಡ್ಯಾರ. ಎದಿ ಉರಿ ಅನ್ನೋದ ಗೊತ್ತಿಲ್ಲದ ಆರೋಗ್ಯವಂತ 120 ಮಂದಿ ಒಳಗ ಅರ್ಧ ಜನಕ್ಕ 8 ವಾರ ಇದೇ ಜಾತಿ ಗುಳಗಿ ಕೊಟ್ಟು ನಿಲ್ಲಿಸಿದ್ರು, ಮುಂದಿನ 4 ವಾರದಾಗ ಅವರೊಳಗ ನೂರಕ್ಕ 44 ಮಂದಿಗೆ ಉರಿ, ಹುಳಿತೇಗು, ಅಜೀರ್ಣದಂಥಾ ತೊಂದ್ರಿ ಬಂತು, ಔಷಧ ಇಲ್ಲದ ಖಾಲಿ ಗುಳಗಿ ತಗೊಂಡವ್ರೊಳಗ ನೂರಕ್ಕ 15. ರೋಗ ಇಲ್ಲದವ್ರಿಗೇ ಹಿಂಗ. ಹಂಗಾಗಿ ಬಿಟ್ಟಾಗ ಉರಿ ಬಂತು ಅಂದ ಮಾತ್ರಕ್ಕ ಜೀವನಪೂರ್ತಿ ಬೇಕು ಅಂತ ಅರ್ಥ ಅಲ್ಲ.

ಡಾಕ್ಟರ್ ಬಿಡಸ್ತಾರಂದ್ರ ಸಾಮಾನ್ಯ ಹಂತ ಹಂತವಾಗಿ ಬಿಡಸ್ತಾರ, 40 ಇದ್ದದ್ದು 20ಕ್ಕ ಇಳಿಸಿ, ಆಮ್ಯಾಲೆ ದಿನ ಬಿಟ್ಟು ದಿನ. ನಡುವ ಉರಿ ಬಂದ್ರ ಡೈಜೀನ್ ಇಲ್ಲಾ ಜೆಲುಸಿಲ್ ಅಂಥಾ ಚೀಪೋ ಗುಳಗಿ ಇಲ್ಲಾ ಔಷಧ ತಗೋಬಹುದು, ಇವಕ್ಕ ಚೀಟಿ ಬೇಕಾಗಿಲ್ಲ. ಇವುಗಳೊಳಗ ಅಲ್ಯುಮಿನಿಯಂ ಮಲ ಗಟ್ಟಿ ಮಾಡ್ತೈತಿ, ಮೆಗ್ನೀಶಿಯಂ ಸಡಲ ಮಾಡ್ತೈತಿ, ಅದಕ್ಕ ಎರಡೂ ಸೇರಿಸಿ ಇಟ್ಟಿರ್ತಾರ. ಕಿಡ್ನಿ ತೊಂದ್ರಿ ಇದ್ದವ್ರು ಕೇಳದ ತಗೋಬಾರದು. ಥೈರಾಯ್ಡ್ ಗುಳಗಿ ತಗೊಳ್ಳವ್ರು 4 ತಾಸು ಅಂತರ ಇಡ್ರಿ, ಕಬ್ಬಿಣದ ಗುಳಗಿಗೆ ಎರಡು ತಾಸಾದ್ರೂ ಇರಲಿ.

ಹಾಂ, ಇನ್ನೊಂದು. ಅಪ್ಪಾಜಿ ಕ್ಯಾಪ್ಸೂಲ್ ಯಾವಾಗ ತಗೋತಾರ? ಇಂಥಾ ಗುಳಗಿ ನಾಷ್ಟಾಕ್ಕ ಅರ್ಧ ತಾಸು ಮೊದ್ಲ ಖಾಲಿ ಹೊಟ್ಟಿಲೆ ತಗೋಬೇಕು. ಭಾಳ ಮಂದಿ ಉಂಡು, ಉರಿ ಶುರು ಆದ ಮ್ಯಾಲೆ ನುಂಗಿ, ಹತ್ತು ನಿಮಿಷಕ್ಕ ಕಡಿಮಿ ಆಗಲಿಲ್ಲ ಅಂತ ಇನ್ನೊಂದು ನುಂಗ್ತಾರ. ಅದು ಪೂರಾ ಹತ್ತಬೇಕಂದ್ರ ಒಂದರಿಂದ ನಾಕು ದಿನ ಬೇಕು.

ಕುಡ್ಲದಕ್ಕ:
ಮೆಡಿಕಲ್ ಅಣ್ಣ ಚಂದ ಹೇಳಿದ್ರು. ನಾನು ಔಷಧದ ವಿಷಯಕ್ಕೆ ಹೋಗುದಿಲ್ಲ, ಮಲಗುವ ವಿಷಯ ಹೇಳ್ತೇನೆ. ರಾತ್ರಿ ಎದ್ದು ಕೂತ್ಕೊಳ್ತಾರೆ ಅಂದ್ರಲ್ಲ, ಅಪ್ಪ ಊಟ ಮಾಡಿ ಎಷ್ಟು ಹೊತ್ತಿಗೆ ಮಲಗುದು? ನಮ್ಮ ಮಾವನವರದ್ದು ಇದೇ ಕಥೆ ಇತ್ತು, ಹತ್ತು ಗಂಟೆಗೆ ಊಟ, ಹತ್ತೂಕಾಲಿಗೆ ಗೊರಕೆ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಬೇಕು ಅಂತ ಡಾಕ್ಟ್ರು ಹೇಳಿದ ಮೇಲೆ ಏಳಕ್ಕೇ ಗಂಜಿ ಬಡಿಸ್ಲಿಕ್ಕೆ ಶುರು ಮಾಡಿದೆವು. ಮೊದಮೊದಲು ಸಿಟ್ಟು ಮಾಡಿದ್ರು, ಸೀರಿಯಲ್ ನೋಡುವಾಗ ಹಸಿವು ಆಗ್ತದೆ ಅಂತ.

ಮತ್ತೆ ಮಂಚದ ತಲೆ ಕಡೆಯ ಎರಡು ಕಾಲಿನ ಅಡಿಗೆ ಮರದ ತುಂಡು ಇಡಿ ಮಾರಾಯ್ರೆ, ಒಂದು ಗೇಣಿನಷ್ಟು ಎತ್ತರ ಆದ್ರೆ ಸಾಕು. ನಾವು ಹಳೆ ಜಂತಿಯ ತುಂಡಿಗೆ ನಡುವೆ ಗುಳಿ ಮಾಡಿಸಿ ಮಂಚದ ಕಾಲು ಅದರೊಳಗೆ ಕೂರುವ ಹಾಗೆ ಮಾಡಿದ್ದು, ಇಲ್ಲದಿದ್ರೆ ರಾತ್ರಿ ಮಗ್ಗುಲು ಬದಲಾಯಿಸುವಾಗ ಜಾರ್ತದೆ. ಎರಡು ಮೂರು ದಿಂಬು ಇಟ್ರೆ ಕುತ್ತಿಗೆ ಮಾತ್ರ ಮಡಚುದು, ಹೊಟ್ಟೆ ಒತ್ತಿ ಹುಳಿ ಇನ್ನೂ ಮೇಲೆ ಬರ್ತದೆ. ಎಡ ಮಗ್ಗುಲಿಗೆ ಮಲಗಿದ್ರೆ ಒಳ್ಳೆಯದು.

ಜೀರಿಗೆ ಕಷಾಯ, ಓಮದ ನೀರು, ಪುನರ್ಪುಳಿ ಶರಬತ್ತು ಎಲ್ಲ ನಾವೂ ಮಾಡ್ತೇವೆ, ಹೊಟ್ಟೆ ಉಬ್ಬರಿಸಿದ್ರೆ ಜೀರಿಗೆ ನೀರು ನನಗಂತೂ ಆಗ್ತದೆ. ಆದ್ರೆ ಎದೆ ಉರಿ ಇದ್ದವರಿಗೆ ಹುಳಿ ಶರಬತ್ತು ಕೊಡ್ಬೇಡಿ, ಪಿತ್ತಕ್ಕೆ ಒಳ್ಳೇದು ಅಂತ ಯಾರು ಹೇಳಿದ್ರೂ.

ತಿಪಟೂರ್_ಕಾಯಿ:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ಅಪ್ಪ ಮಾತ್ರೆ ತಗೊಳ್ಳೋದು ಬೆಳಗ್ಗೆ ಕಾಫಿ ಕುಡಿದು ತೋಟಕ್ಕೆ ಹೋಗಿ ಬಂದು ತಿಂಡಿ ತಿಂದ್ಮೇಲೆ. ಊಟ ರಾತ್ರಿ ಒಂಬತ್ತೂವರೆ, ಮುದ್ದೆ, ತಕ್ಷಣ ಮಲಗೋದು. ಎಲೆ ಅಡಿಕೆ ಹೊಗೆಸೊಪ್ಪು ಬೇರೆ. ಕೇಳಿ ನೋಡಿದ್ರೆ ಇನ್ನೊಂದು ವಿಷಯ ಹೊರಗೆ ಬಂತು, ಮಂಡಿ ನೋವಿಗೆ ಅದೇ ಮೆಡಿಕಲ್‌ನಿಂದ ಇನ್ನೊಂದು ಮಾತ್ರೆ ತಗೋತಿದಾರೆ, ಶೀಟ್ ಮೇಲೆ ಅಸೆಕ್ಲೋಫೆನಾಕ್ ಪ್ಯಾರಾಸಿಟಮಾಲ್ ಅಂತ ಇದೆ. ವಾರದಲ್ಲಿ ಮೂರ್ನಾಕು ದಿನ ಅಂತೆ. ಇದಕ್ಕೂ ಹೊಟ್ಟೆಗೂ ಸಂಬಂಧ ಇದೆಯಾ?

ಕ್ಯಾಶುವಾಲಿಟಿ_ನರ್ಸ್:
ಸಂಬಂಧ ಇದೆಯಾ ಅಂತ ಕೇಳ್ತೀರಲ್ಲ ಸರ್, ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಅಲ್ಲೇ ಇರಬಹುದು. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲಾ ಜಠರದ ಒಳಪದರಕ್ಕೆ ಇರೋ ರಕ್ಷಣೆನೇ ಕಡಿಮೆ ಮಾಡ್ತವೆ, ವಯಸ್ಸಾದವರಿಗೆ ಹುಣ್ಣಾಗಿ ರಕ್ತ ಸುರಿಯೋದು ನಾವು ನೋಡೋ ಕೇಸೇ. ಹಾಗಾಗಿ ನೋವಿನ ಮಾತ್ರೆ ಮುಂದುವರಿಸಿಕೊಂಡು ಗ್ಯಾಸ್ಟ್ರಿಕ್ ಮಾತ್ರೆ ಮಾತ್ರ ಬಿಡಿಸೋ ಕೆಲಸ ದಯವಿಟ್ಟು ಮಾಡಬೇಡಿ, ಅದು ಉಲ್ಟಾ ಹೊಡೆಯುತ್ತೆ. ಹಾರ್ಟ್‌ಗೆ ಅಂತ ಆಸ್ಪಿರಿನ್ ತಗೊಳ್ಳೋರಿಗೂ ಇದೇ ಮಾತು, ಕೆಲವರಿಗೆ ಹೊಟ್ಟೆ ಕಾಯೋಕೆ ಅಂತಲೇ ಪ್ಯಾಂಟೊಪ್ರಜೋಲ್ ಕೊಟ್ಟಿರ್ತಾರೆ. ಮೊದಲು ಮಂಡಿಗೆ ಬೇರೆ ದಾರಿ ಕೇಳಿ, ಬರೀ ಪ್ಯಾರಾಸಿಟಮಾಲ್, ಹಚ್ಚೋ ಜೆಲ್, ವ್ಯಾಯಾಮ ಏನಾದ್ರೂ.

ಮಲ ಡಾಂಬರಿನ ಥರ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಬರ್ತಿದ್ರೆ (ಕಬ್ಬಿಣದ ಮಾತ್ರೆ ತಿಂದ್ರೂ ಕಪ್ಪಾಗುತ್ತೆ, ಅದು ಬೇರೆ), ವಾಂತೀಲಿ ರಕ್ತ ಅಥವಾ ಕಾಫಿ ಪುಡಿ ಥರ ಬಂದ್ರೆ ಆವತ್ತೇ ಆಸ್ಪತ್ರೆಗೆ. ನುಂಗುವಾಗ ಸಿಕ್ಕಿಹಾಕ್ಕೊಂಡಂಗೆ ಆದ್ರೆ, ತೂಕ ಸುಮ್ಮನೆ ಇಳೀತಿದ್ರೆ, ರಕ್ತ ಕಮ್ಮಿ ಅಂತ ರಿಪೋರ್ಟ್ ಬಂದ್ರೆ ಮನೆಮದ್ದು ಎಲ್ಲಾ ಬದಿಗಿಟ್ಟು ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇರೋ ಸಣ್ಣ ಕೊಳವೆ ಇಳಿಸಿ ಹೊಟ್ಟೆ ಒಳಗೆ ನೋಡೋದು) ಕೇಳಿ.

ಇನ್ನು ಮಂಡ್ಯದವರು ಹೇಳಿದ ತೇಗಿನ ಲೆಕ್ಕ. ಈನೋದಲ್ಲಿ ಸೋಡಾ ಇರೋದ್ರಿಂದ ಕುಡಿದ ಯಾರಿಗೇ ಆದ್ರೂ ತೇಗು ಬರುತ್ತೆ, ಹಾರ್ಟ್ ಅಟ್ಯಾಕ್ ಆಗ್ತಿರೋರಿಗೂ ಬರುತ್ತೆ. ಗ್ಯಾಸ್ ಅಂತ ಮನೇಲಿ ಈನೋ, ಸೋಡಾ, ಓಮ ಎಲ್ಲಾ ಮುಗಿಸಿ ರಾತ್ರಿ ಕಳೆದು ಬರ್ತಾರೆ, ಇಸಿಜಿ ತೆಗೆದ್ರೆ ಹಾರ್ಟು. ನಡೆದಾಗ ಮೆಟ್ಟಿಲು ಹತ್ತಿದಾಗ ಬಂದು ಕೂತ್ರೆ ಕಮ್ಮಿ ಆಗೋ ಉರಿ, ಜೊತೆಗೆ ಬೆವರು, ಏದುಸಿರು, ದವಡೆಗೋ ಭುಜಕ್ಕೋ ಕೈಗೋ ಬೆನ್ನಿಗೋ ಹರಡೋ ನೋವು ಇದ್ರೆ ಗ್ಯಾಸ್ ಅಂತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಶುಗರ್ ಇದ್ದೋರಿಗೆ ನೋವೇ ಸರಿಯಾಗಿ ಗೊತ್ತಾಗಲ್ಲ, ಬರೀ ಸುಸ್ತು ಹೊಟ್ಟೆ ತೊಳಸೋದು ಅಷ್ಟೇ ಇರಬಹುದು. ನಿಮ್ಮಪ್ಪ ತೋಟದಲ್ಲಿ ಕೆಲಸ ಮಾಡೋವಾಗ ಉರಿ ಬರುತ್ತಾ ಅಂತ ಒಂದ್ಸಲ ಕೇಳಿ.

ಮಂಡ್ಯದ್_ಗಂಡು:
ಅಯ್ಯೋ ಸಿಸ್ಟರ್ ಹೆದರ್ಸ್ಬಿಟ್ರಿ. ಸರಿ, ನಮ್ಮ ದೊಡ್ಡಪ್ಪಂಗೆ ಬಿಪಿ ಇದೆ, ಅವರ ಈನೋ ಡಬ್ಬ ಇವತ್ತೇ ಎತ್ತಿಡ್ತೀನಿ.

ಬೆಣ್ಣೆದೋಸೆ_ಅಮ್ಮ:
ಸ್ವಲ್ಪ ಬೇರೆ ವಿಷಯ, ಬೈಕೋಬೇಡಿ. ಮಗಳಿಗೆ ಮೂರು ವರ್ಷ, ನಿನ್ನೆಯಿಂದ ಲೂಸ್ ಮೋಷನ್, ಆಟ ಆಡ್ತಿದಾಳೆ, ಜ್ವರ ಇಲ್ಲ. ನಮ್ಮತ್ತೆ ದಾಳಿಂಬೆ ಸಿಪ್ಪೆ ತಂಬುಳಿ ಅಂತಿದಾರೆ, ನಮ್ಮನೆಯವ್ರು ಅವರು ತಗೊಳ್ಳೋ ನಿಲ್ಲಿಸೋ ಮಾತ್ರೆ ಅರ್ಧ ಕೊಡು ಅಂತಿದಾರೆ. ಅಂಗಡೀಲಿ ಹಣ್ಣಿನ ರುಚಿದು ಎಲೆಕ್ಟ್ರೋಲೈಟ್ ಜ್ಯೂಸ್ ಇದೆ, ಅದು ಆಗುತ್ತಾ?

ಹುಬ್ಳಿ_ಮೆಡಿಕಲ್:
ಅಕ್ಕಾರ, ನಿಲ್ಲಿಸೋ ಗುಳಗಿ (ಲೋಪೆರಮೈಡ್) ಸಣ್ಣ ಹುಡುಗರಿಗೆ ಅರ್ಧನೂ ಇಲ್ಲ ಕಾಲೂ ಇಲ್ಲ, ಕೊಡಲೇಬಾರದು, ಕರಳು ಓಡಾಡೋದ ನಿಂತು ಹೊಟ್ಟಿ ಉಬ್ಬಿ ಕುಂದ್ರತೈತಿ. ಆ್ಯಂಟಿಬಯೋಟಿಕ್ ನೀವಾಗೇ ತರಬ್ಯಾಡ್ರಿ. ಜ್ಯೂಸ್ ಡಬ್ಬಿದಾಗ ಸಕ್ರಿ ಹೆಚ್ಚು ಉಪ್ಪು ಕಡಿಮಿ, ಭೇದಿ ಇನ್ನೂ ಹೆಚ್ಚಾಗತೈತಿ. ಅಂಥಾ ಪಾನೀಯದ ಹೆಸರಾಗ ಒಆರ್‌ಎಸ್ (ಭೇದಿ ಆದಾಗ ಕುಡಸೋ ಉಪ್ಪು ಸಕ್ರಿ ನೀರು) ಅಂತ ಬರಕೊಳ್ಳಂಗಿಲ್ಲ ಅಂತ 2025ರ ಅಕ್ಟೋಬರದಾಗ ಎಫ್‌ಎಸ್‌ಎಸ್‌ಎಐ, ಅಂದ್ರ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ, ಆದೇಶ ಮಾಡೇತಿ. ನೀವು ಒಆರ್‌ಎಸ್ ಪುಡಿ ಪ್ಯಾಕೆಟ್ ಕೇಳ್ರಿ, ಮ್ಯಾಲೆ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಇರಬೇಕು. 20.5 ಗ್ರಾಂದು ಒಂದು ಲೀಟರ್ ನೀರಿಗೆ, ಸಣ್ಣ ಪ್ಯಾಕೆಟ್ ಇದ್ರ ಅದರ ಮ್ಯಾಲೆ ಎಷ್ಟು ಬರದೈತಿ ಅಷ್ಟಕ್ಕ, ಪೂರಾ ಪ್ಯಾಕೆಟ್ ಒಮ್ಮಿಗೇ ಕಲಸ್ರಿ. ಚಮಚೆಲೆ ಅಂದಾಜು ತಗದು ಲೋಟಾಕ್ಕ ಹಾಕಿದ್ರ ಉಪ್ಪು ಹೆಚ್ಚುಕಡಿಮಿ ಆಗಿಬಿಡತೈತಿ. ಕಾಸಿ ಆರಿಸಿದ ನೀರು, 24 ತಾಸು ಆದ ಮ್ಯಾಲೆ ಉಳದಿದ್ದು ಚೆಲ್ರಿ. ಒಮ್ಮೆ ಹೋದ್ಲಂದ್ರ ಅರ್ಧದಿಂದ ಒಂದು ಲೋಟ, ಗುಟುಕು ಗುಟುಕಾಗಿ. ವಾಂತಿ ಮಾಡಿದ್ರ ಹತ್ತು ನಿಮಿಷ ಬಿಟ್ಟು ಮತ್ತ ಚಮಚೆಲೆ. ಜೋಡಿ ಜಿಂಕ್ 20 ಮಿಲಿಗ್ರಾಂ ದಿನಕ್ಕೊಂದ್ಸಲ, ಭೇದಿ ನಿಂತ್ರೂ 14 ದಿನ ಪೂರಾ ಮಾಡಸ್ತಾರ, ಡಾಕ್ಟರ್ ಹತ್ರ ಬರಸ್ಕೊಳ್ರಿ. ಅನ್ನ ಮಜ್ಜಿಗಿ, ಬಾಳಿಹಣ್ಣು, ಗಂಜಿ ಏನು ತಿಂತಾಳ ಕೊಡ್ರಿ, ಉಪವಾಸ ಹಾಕಬ್ಯಾಡ್ರಿ.

ತಂಬುಳಿ ಅವಳಿಗೆ ಸೇರಿದ್ರ ಅತ್ತಿಯವ್ರ ಮನಸ್ಸಿಗೆ ಒಂದೆರಡು ಚಮಚ ಕೊಡ್ರಿ, ಆದ್ರ ಒಆರ್‌ಎಸ್ ಬದಲಿಗೆ ಅಲ್ಲ. ಕಣ್ಣು ಒಳಗ ಹೋದಂಗ ಕಂಡ್ರ, ಉಚ್ಚಿ ಹೋಗೋದು ಕಡಿಮಿ ಆದ್ರ, ಮಂಕಾಗಿ ಮಲಗಿಬಿಟ್ರ, ರಕ್ತ ಕಂಡ್ರ ಕಾಯಬ್ಯಾಡ್ರಿ, ದವಾಖಾನಿಗೆ ಒಯ್ರಿ.

ಬೆಣ್ಣೆದೋಸೆ_ಅಮ್ಮ:
ಥ್ಯಾಂಕ್ಯೂ ಅಣ್ಣ, ಪುಡಿದೇ ತರಿಸಿದೆ. ಉಪ್ಪುಪ್ಪು ಅಂತ ಮುಖ ಕಿವುಚ್ತಾಳೆ ಆದ್ರೂ ಅವರಜ್ಜಿ ಚಮಚದಲ್ಲಿ ಕುಡಿಸ್ತಿದಾರೆ.

ತಿಪಟೂರ್_ಕಾಯಿ:
ಅಪ್ಡೇಟ್: ಅಪ್ಪ ಹೇಳಿದ್ರು ಗುಂಡಿ ತೋಡುವಾಗೆಲ್ಲಾ ಏನೂ ಆಗಲ್ಲ, ಮಲಗಿದ್ರೆ ಬಗ್ಗಿದ್ರೆ ಮಾತ್ರ ಉರಿ ಅಂತ. ಆದ್ರೂ ಇಸಿಜಿ ಮಾಡಿಸ್ತೀನಿ. ತುಮಕೂರಲ್ಲಿ ಹೊಟ್ಟೆ ಡಾಕ್ಟರ್ ಅಪಾಯಿಂಟ್ಮೆಂಟ್ ಸಿಕ್ಕಿದೆ. ಮಂಚದ ಕೆಳಗೆ ಮರದ ತುಂಡು ಇಟ್ಟಾಯ್ತು, ಅಮ್ಮ ರಾತ್ರಿಯೆಲ್ಲಾ ಕೆಳಗೆ ಜಾರ್ತೀನಿ ಅಂತ ಜಗಳ ಆಡಿ ಬೇರೆ ಮಂಚಕ್ಕೆ ಹೋದ್ರು. ಡಾಕ್ಟರ್ ಹತ್ರ ಏನೇನ್ ಕೇಳ್ಬೇಕು, ಎಂಡೋಸ್ಕೋಪಿಗೆ ಖಾಲಿ ಹೊಟ್ಟೇಲಿ ಹೋಗ್ಬೇಕಾ?

ಕ್ಯಾಶುವಾಲಿಟಿ_ನರ್ಸ್:
ಮೊದಲನೇ ದಿನವೇ ಎಂಡೋಸ್ಕೋಪಿ ಮಾಡಲ್ಲ ಸಾಮಾನ್ಯವಾಗಿ, ಮಾಡೋದಾದ್ರೆ ಎಷ್ಟು ಗಂಟೆಯಿಂದ ಏನೂ ತಿನ್ನಬಾರದು ಅಂತ ಅವರೇ ಹೇಳ್ತಾರೆ. ನೀವು ಅಪ್ಪ ತಗೊಳ್ಳೋ ಎಲ್ಲಾ ಶೀಟೂ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಮಂಡಿ ಮಾತ್ರೆ ಸೇರಿ. ಎಚ್ ಪೈಲೋರಿ ಟೆಸ್ಟ್ ಬೇಕಾ ಅಂತ ಕೇಳಿ, ಅದು ಹೊಟ್ಟೇಲಿ ಹುಣ್ಣು ಮಾಡೋ ಬ್ಯಾಕ್ಟೀರಿಯಾ, ಇದ್ರೆ ಆ್ಯಂಟಿಬಯೋಟಿಕ್ ಕೋರ್ಸಲ್ಲಿ ಹೋಗುತ್ತೆ. ಆ ಟೆಸ್ಟ್‌ಗೆ ಎರಡು ವಾರ ಮೊದಲೇ ಪ್ಯಾಂಟೊಪ್ರಜೋಲ್ ನಿಲ್ಲಿಸಿರಬೇಕು ಅಂತಾರೆ, ಇಲ್ಲಾಂದ್ರೆ ಇದ್ರೂ ಇಲ್ಲ ಅಂತ ಬರಬಹುದು. ನೀವಾಗೇ ನಿಲ್ಲಿಸಿಕೊಂಡು ಹೋಗಬೇಡಿ, ಫೋನ್ ಮಾಡಿ ಕೇಳಿಬಿಡಿ. ಹೊಗೆಸೊಪ್ಪಿನ ವಿಷಯ ಡಾಕ್ಟರ್ ಮುಂದೆನೇ ಎತ್ತಿ, ನಿಮ್ಮ ಮಾತಿಗಿಂತ ಅವರ ಮಾತು ನಾಟುತ್ತೆ.