ಡಿಶ್‌ವಾಷರ್ ನೀರು ಕಾಯಿಸ್ತಿಲ್ಲ: 14,500 ಕೊಟ್ಟು ರಿಪೇರಿ ಮಾಡಿಸೋದಾ, ಹೊಸದು ತರೋದಾ?

ರೊಟ್ಟಿಹೆಂಚು_ರಾಯಚೂರು
13 ಸೆಟ್‌ನ ಮಷೀನು, ಏಳು ವರ್ಷ ಆಗ್ಯದ. ನೀರು ಎಳ್ಕೊಂತದ, ಹೊರಗೂ ಹಾಕ್ತದ, ಪ್ರೋಗ್ರಾಮ್ ಪೂರ್ತಿ ಓಡ್ತದ. ಆದ್ರ ಬಾಗಿಲು ತೆಗೆದ್ರ ಭಾಂಡೆ ತಣ್ಣಗಿರ್ತಾವ. ಎಣ್ಣೆಗಾಯಿ ಪಾತ್ರಿ ಜಿಡ್ಡು ಹಂಗೇ, ಟ್ಯಾಬ್ಲೆಟ್ ಅರ್ಧ ಕರಗಿ ಉಳಿದಿರ್ತದ. ನೋಡಾಕ ಬಂದ ಮೆಕ್ಯಾನಿಕ್ ಹೀಟರ್ ಇರೋ ಪಂಪು, ಬೋರ್ಡು ಎರಡೂ ಹೋಗ್ಯಾವ, 14,500 ಆಗ್ತದ ಅಂದ. ಮೀಟರ್ ಹಚ್ಚಿ ಏನೂ ನೋಡಲಿಲ್ಲ. ಹೊಸದಕ್ಕ 42,000 ಹೇಳ್ತಾರ. ಬೋರ್ ನೀರು, ಟಿಡಿಎಸ್ 1,350. ಉಪ್ಪು ತಪ್ಪದೆ ಹಾಕ್ತೀವಿ. ಯಾವುದು ಸರಿ?

ಮಲ್ಟಿಮೀಟರ್_ಗಂಗಾವತಿ
ಎರಡೂ ಒಟ್ಟಿಗೆ ಹೋಗೋದು ಅಪರೂಪ ರೀ. ಹೀಟರ್ ಶಾರ್ಟ್ ಆಗಿ ಬೋರ್ಡಿನ ರಿಲೇ (ಹೀಟರಿಗೆ ಕರೆಂಟ್ ಬಿಡುವ ಸ್ವಿಚ್ಚು) ಸುಟ್ಟಿದ್ದರೆ ಮಾತ್ರ ಹಾಗಾಗುತ್ತೆ. ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ಮನೇಲಿ ಫ್ರಿಜ್ ಸಹಿತ ಎಲ್ಲಾ ಆಫ್ ಮಾಡಿ, ಅತಿ ಬಿಸಿಯ ಪ್ರೋಗ್ರಾಮ್ ಹಾಕಿ, ತೊಳೆಯೋದು ಶುರುವಾಗಿ 15–20 ನಿಮಿಷ ಆದ ಮೇಲೆ ಕರೆಂಟ್ ಮೀಟರಿನ ಕೆಂಪು ದೀಪ ನೋಡಿ. ಮೀಟರಿನ ಮೇಲೆ ಯೂನಿಟ್ಟಿಗೆ 3200 ಪಲ್ಸ್ ಅಂತ ಇದ್ದರೆ, 2000 ವ್ಯಾಟ್ ಹೀಟರ್ ಓಡುವಾಗ ಹತ್ತು ಸೆಕೆಂಡಿಗೆ 17–18 ಸಲ ಮಿಟುಕಬೇಕು. ಬರೀ ಪಂಪ್ ಓಡುತ್ತಿದ್ದರೆ ಹತ್ತು ಸೆಕೆಂಡಿಗೆ ಒಂದು ಸಲ ಮಿಟುಕಿದರೆ ಹೆಚ್ಚು. ಒಳಗಿನ ನೀರು ಮುಟ್ಟಿ ನೋಡಿ ನಿರ್ಧಾರ ಮಾಡಬೇಡಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಾಳಿಗೆ ಟ್ಯಾಂಕಿನ ನೀರೇ ಕಾದು ಬರುತ್ತೆ!

ಆಮೇಲೆ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಹೀಟರಿನ ಎರಡು ತುದಿಗೆ ಓಮ್ ಹಿಡೀರಿ. 230 ವೋಲ್ಟ್, 2000 ವ್ಯಾಟ್ ಅಂದರೆ 26 ಓಮ್ ಸುಮಾರು. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ಅತಿ ಬಿಸಿಯಾದರೆ ಕರೆಂಟ್ ನಿಲ್ಲಿಸುವ ಅದರ ಥರ್ಮಲ್ ಕಟ್‌ಆಫ್ ಕಡಿದಿದೆ. ತುದಿಗೂ ಅರ್ಥ್‌ಗೂ ನಡುವೆ ಓಮ್ ತೋರಿಸಿದರೆ ಹೀಟರ್ ಬದಲಿಸಲೇಬೇಕು.

ಇನ್ನೊಂದು ಮಾತು. ನೀರು ಕಡಿಮೆ ಬಂದರೂ ಮಷೀನು ಹೀಟರ್ ಹಚ್ಚೋದಿಲ್ಲ, ಸುಟ್ಟು ಹೋಗಬಾರದು ಅಂತ ಹಾಗೆ ಮಾಡಿರ್ತಾರೆ. ಒಳಬರುವ ಪೈಪಿನ ತುದಿಯ ಸಣ್ಣ ಜಾಲರಿ ಬಿಚ್ಚಿ ನೋಡಿ. ಬೋರ್ ನೀರಿಗೆ ಅದರಲ್ಲಿ ಮರಳು ಕಟ್ಟಿರುತ್ತೆ. ಆ ನಳಕ್ಕೆ ಬಕೆಟ್ ಇಟ್ಟರೆ ನಿಮಿಷಕ್ಕೆ 10 ಲೀಟರ್ ತುಂಬಬೇಕು.

ಬಳ್ಳಾರಿ_ಬಿಸಿಲು
ಏಳು ವರ್ಷದ ಮಷೀನಿಗೆ 14,500 ಅಂದರೆ ಹೊಸದರ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಇವತ್ತು ಹೀಟರ್, ನಾಳೆ ಡ್ರೇನ್ ಪಂಪ್, ನಾಡಿದ್ದು ಬಾಗಿಲಿನ ರಬ್ಬರ್. ನಾನಾದರೆ ಹೊಸದೇ ಅಂತೀನಿ.

ಎಡದಂಡೆ_ಸಿಂಧನೂರು
ಬಿಸಿಲು ಸರ್, ಹೊಸದು ತಂದು ಅದೇ ನೀರಿಗೆ ಹಚ್ಚಿದರೆ ಅದೂ ಇದೇ ದಾರಿ ಹಿಡಿಯುತ್ತೆ. ಟಿಡಿಎಸ್ ಅಂದರೆ ನೀರಲ್ಲಿ ಕರಗಿದ್ದೆಲ್ಲ ಸೇರಿಸಿದ ಲೆಕ್ಕ. ಹೀಟರಿಗೆ ಪದರ ಕಟ್ಟೋದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದಕ್ಕೆ ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್ ಬೇಕು. ಕಿಟ್ ಲೀಟರಿಗೆ 600 ಮಿಲಿಗ್ರಾಂ ತೋರಿಸಿದರೆ 17.8ರಿಂದ ಭಾಗಿಸಿ, ಸುಮಾರು 34 ಜರ್ಮನ್ ಡಿಗ್ರಿ (ನೀರಿನ ಗಡಸುತನದ ಇನ್ನೊಂದು ಅಳತೆ). ಮ್ಯಾನ್ಯುಯಲ್ಲಿನ ಪಟ್ಟಿಯಲ್ಲಿ ಅದಕ್ಕೆ ಯಾವ ನಂಬರ್ ಇದೆಯೋ ಅದನ್ನೇ ಮಷೀನಿನಲ್ಲಿ ಸೆಟ್ ಮಾಡಬೇಕು. ಎಷ್ಟು ನೀರಿಗೊಮ್ಮೆ ಉಪ್ಪುನೀರಲ್ಲಿ ರೆಸಿನ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುವ ಕಾಳುಗಳು) ತೊಳೆಯಬೇಕು ಅಂತ ಮಷೀನಿಗೆ ಹೇಳೋದೇ ಆ ನಂಬರ್. ಅದು ಕೆಳಗಿದ್ದರೆ ಡಬ್ಬಿ ತುಂಬ ಉಪ್ಪಿದ್ದರೂ ಪದರ ಕಟ್ಟುತ್ತೆ. ನಿಮ್ಮದು ಇನ್ನೂ ಕಂಪನಿ ಇಟ್ಟ ನಂಬರಿನಲ್ಲೇ ಇದೆಯಾ ನೋಡಿ. ಪಟ್ಟಿಯ ಕೊನೆಯ ನಂಬರನ್ನೂ ಮೀರಿದ ನೀರಾದರೆ ಮಷೀನಿಗೆ ಬೋರ್ ನೀರಿನ ಬದಲು ಊರಿನ ಸರಬರಾಜಿನ ನಳದ ನೀರು ಕೊಡಿ. ಒಂದು ಸಲಕ್ಕೆ ಬೇಕಾಗೋದು ಒಂದು ಬಕೆಟ್ ಅಷ್ಟೇ.

ಅಡುಗೆ ಉಪ್ಪು ಬೇಡ, ಅದರಲ್ಲಿ ಅಯೋಡಿನ್ ಜೊತೆ ಗಂಟು ಕಟ್ಟದ ಹಾಗೆ ಹಾಕಿದ ಪುಡಿಯೂ ಇರುತ್ತೆ. ಉಪ್ಪು ತುಂಬುವಾಗ ತೊಟ್ಟಿಯಲ್ಲಿ ಚೆಲ್ಲಿದರೆ ತಕ್ಷಣ ಒಂದು ಸಲ ಓಡಿಸಿ, ಬಿಟ್ಟರೆ ಸ್ಟೀಲಿಗೆ ಚುಕ್ಕಿ ತುಕ್ಕು ಬೀಳುತ್ತೆ. ಹೊಸದು ತರಬೇಕಾ ಅನ್ನೋದನ್ನೂ ಆ ತುಕ್ಕೇ ಹೇಳುತ್ತೆ: ತೊಟ್ಟಿಯ ತಳ ತೂತು ಬಿದ್ದಿದ್ದರೆ, ಅಥವಾ ದೊಡ್ಡ ಪಂಪು ಗರಗರ ಅಂತ ಕೂಗುತ್ತಾ ತಳದ ಟ್ರೇಗೆ ನೀರು ಸೋರಿಸುತ್ತಿದ್ದರೆ ಒಂದು ರೂಪಾಯಿಯೂ ಹಾಕಬೇಡಿ.

ರೊಟ್ಟಿಹೆಂಚು_ರಾಯಚೂರು
ನೋಡಿದೆ. ಮೀಟರ್ ದೀಪ 12 ಸೆಕೆಂಡಿಗೆ ಒಂದು ಸಲ. ಹೀಟರ್ 25.8 ಓಮ್, ಅರ್ಥ್‌ಗೆ ಏನೂ ಇಲ್ಲ. ಜಾಲರಿ ಸ್ವಚ್ಛ, ಬಕೆಟ್ 50 ಸೆಕೆಂಡಿಗೆ ತುಂಬ್ತು. ತೊಟ್ಟಿ ಹೊಳೀತದ, ಪಂಪಿನ ಗರಗರ ಸಪ್ಪಳ ಇಲ್ಲ. ನಂಬರ್ ಮಾತ್ರ ಕಂಪನಿಯವರು ಇಟ್ಟಿದ್ದೇ ಅದ.

ಮಲ್ಟಿಮೀಟರ್_ಗಂಗಾವತಿ
ಹಾಗಾದರೆ ಪಂಪು ಸರಿ ಇದೆ, ಅದಕ್ಕೆ ದುಡ್ಡು ಕೊಡಬೇಡಿ. ಹೀಟರಿಗೆ ಕರೆಂಟೇ ಹೋಗ್ತಿಲ್ಲ. ಬೋರ್ಡು ಬಿಚ್ಚುವ ಮೊದಲು ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹೀಟರಿಗೆ ಹೋಗುವ ದಪ್ಪ ವೈರಿನ ಕನೆಕ್ಟರ್ ಕಂದಾಗಿದೆಯಾ, ರಿಲೇ ಕೆಳಗಿನ ಬೆಸುಗೆ ಸುತ್ತ ಉಂಗುರದ ಹಾಗೆ ಬಿರುಕು ಇದೆಯಾ ನೋಡಿ. ಬಿರುಕಿದ್ದರೆ ಟಿವಿ, ಇನ್ವರ್ಟರ್ ಬೋರ್ಡ್ ರಿಪೇರಿ ಮಾಡುವವರ ಹತ್ತಿರ ಹೊಸ ಬೆಸುಗೆ, ಹೊಸ ರಿಲೇ ಹಾಕಿಸಿ. ರಿಲೇ ಮೇಲೆ ಬರೆದ ಕಾಯಿಲ್ ವೋಲ್ಟೇಜು, 16 ಆಂಪಿಯರ್ ಅನ್ನೋದು ಎರಡೂ ಹೊಂದಬೇಕು. ಅಲ್ಲಿ ಎಲ್ಲ ಸರಿ ಇದ್ದರೆ ನೀರಿನ ಬಿಸಿ ಅಳೆಯುವ ಸೆನ್ಸರ್ ಉಳೀತು. ಅದನ್ನು ಹೊರಗೆ ತೆಗೆದು ಓಮ್ ಹಿಡಿದು ಬಿಸಿ ನೀರಿನ ಲೋಟಕ್ಕೆ ಅದ್ದಿ, ಓಮ್ ಇಳಿಯುತ್ತಾ ಹೋಗಬೇಕು.

ನೀರು ಕಾಯೋಕೆ ಶುರುವಾದ ಮೇಲೆ, ಭಾಂಡೆ ಇಡದೆ, ತಳಕ್ಕೆ 100 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ 65 ಡಿಗ್ರಿಯ ಪ್ರೋಗ್ರಾಮ್ ಒಮ್ಮೆ ಓಡಿಸಿ. ಬಾತ್‌ರೂಮ್ ಆಸಿಡ್ ಮಾತ್ರ ಹತ್ತಿರಕ್ಕೂ ತರಬೇಡಿ.