ಸಹಾಯ ಬೇಕು: ಕಾರಿನ ಗ್ರಿಲ್‌ಗೆ ಬೆಳಗುವ ಅಲಂಕಾರ ಪಟ್ಟಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡೊಂದರಲ್ಲಿ ನಾನು ಕಾರಿನ ಗ್ರಿಲ್‌ಗೆ ಕೂರಿಸುವ, ಎಲ್‌ಇಡಿಯಿಂದ ಬೆಳಗುವ ಅಲಂಕಾರ ಪಟ್ಟಿಗಳನ್ನು ತಯಾರಿಸಲು ಪ್ರಯತ್ನಿಸುತ್ತಿದ್ದೇನೆ. ಅಕ್ರಿಲಿಕ್ ಪಟ್ಟಿಯಲ್ಲಿ ಎಲ್‌ಇಡಿಯಿಂದ ದೂರದ ತುದಿ ಮಂಕಾಗಿ ಕಾಣುತ್ತಿದ್ದುದನ್ನು, ಬೆಳಕನ್ನು ಹೊರಚೆಲ್ಲುವ ಹಿಂಬದಿಯ ಗೀರುಗಳನ್ನು ಆ ಕಡೆಗೆ ಒತ್ತೊತ್ತಾಗಿ ಕೊರೆಸಿ ಬಹುಮಟ್ಟಿಗೆ ಸರಿಪಡಿಸಿಕೊಂಡೆ. ನಿಜವಾದ ತಲೆನೋವು ನೀರಿನದು: ಬಿಸಿಲಿಗೂ ಎಂಜಿನ್ನಿನ ಕಾವಿಗೂ ಹಿಗ್ಗಿದ ಒಳಗಿನ ಗಾಳಿ, ಕಾರು ತೊಳೆದೊಡನೆ ತಣಿದು ಕುಗ್ಗುವಾಗ ಅಂಟಿನ ಸಂದಿಯಿಂದ ತೇವವನ್ನು ಒಳಗೆಳೆದುಕೊಳ್ಳುತ್ತದೆ, ಸಿಲಿಕೋನ್ ಎಷ್ಟು ಬಳಿದರೂ ಮೂರನೆಯ ವಾರಕ್ಕೆ ಒಳಗೆ ಮಂಜು ಕಟ್ಟುತ್ತದೆ. ಆದ್ದರಿಂದ ಪಾಲಿಕಾರ್ಬೊನೇಟ್ ಮುಚ್ಚಳವನ್ನು ಎಬಿಎಸ್ ಪ್ಲಾಸ್ಟಿಕ್ಕಿನ ತಳಕ್ಕೆ ಅಲ್ಟ್ರಾಸಾನಿಕ್ ವೆಲ್ಡಿಂಗ್‌ನಿಂದ (ಅತಿ ವೇಗದ ಕಂಪನದ ಕಾವಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಕೂಡಿಸುವ ವಿಧಾನ) ಬೆಸೆದುಕೊಡುವವರು, 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸುವ ಐಪಿ67 (ಧೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ) ಪರೀಕ್ಷೆ ಮಾಡಿಕೊಡುವವರು ಮೈಸೂರು ಅಥವಾ ಮಂಡ್ಯದ ಸುತ್ತ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಗಾಳಿಯನ್ನು ಮಾತ್ರ ಬಿಟ್ಟು ನೀರನ್ನು ತಡೆಯುವ ಪೊರೆಯನ್ನು ಬಳಸಿದವರ ಅನುಭವವೂ ಬೇಕಾಗಿದೆ. (ಮುಂಭಾಗದಲ್ಲಿ ಕೆಂಪು ಬೆಳಕು ನಿಯಮಬಾಹಿರ, ಗಿರಾಕಿಗಳು ಎಷ್ಟು ಕೇಳಿದರೂ ಅದನ್ನು ಮಾಡುವುದಿಲ್ಲ.)